ಮಾರುತಿ 800ರ ಡಿಕ್ಕಿ ಲಾಕ್: ಮೀಟದೆ ತೆರೆದು, ಬಿಚ್ಚಿ, ಸರಿಮಾಡಿದ್ದು

ಕಾಕಾನ 1991ರ ಮಾರುತಿ 800 ಕಾರಿನ ಡಿಕ್ಕಿ ತೆರೆಯುತ್ತಿರಲಿಲ್ಲ. ಕೀಲಿಕೈ ಹಾಕಿದರೆ ತಿರುಗುತ್ತದೆ, ಒಳಗೆ ಏನೋ ಅಲುಗಾಡಿದ ಸದ್ದು ಸಣ್ಣಗೆ ಬರುತ್ತದೆ, ಬಾಗಿಲು ಮಾತ್ರ ಏಳುವುದಿಲ್ಲ. ಜ್ಯಾಕು, ಪಾನಾ (ಸ್ಪ್ಯಾನರ್) ಚೀಲ ಎಲ್ಲ ಒಳಗೇ ಉಳಿದಿದ್ದವು. ಧಾರವಾಡದ ಒಂದು ಗ್ಯಾರೇಜಿನಲ್ಲಿ ತೋರಿಸಿದಾಗ, ಸಂದಿಯಲ್ಲಿ ರಾಡ್ ಹಾಕಿ ಮೀಟಿ ತೆಗೆಯುತ್ತೇವೆ, ಆಮೇಲೆ ಡೆಂಟಿಂಗ್ ಪೇಂಟಿಂಗ್ ಮಾಡಿಕೊಡುತ್ತೇವೆ ಎಂದರಂತೆ. ಕಾಕಾ ಗಾಡಿ ತಿರುಗಿಸಿಕೊಂಡು ಸೀದಾ ಮಾಳಮಡ್ಡಿಗೆ, ನನ್ನ ಹತ್ತಿರ ಬಂದರು. "ಕಂಪನಿ ಪೇಂಟ್ ಇನ್ನೂ ಹಂಗ ಅದ ತಮ್ಮಾ. ಮೀಟಿ ತಗಿಯೂದು ಬ್ಯಾಡ, ನೀ ಒಮ್ಮೆ ನೋಡು" ಅಂದರು.

ಕಾಕಾ ಹೇಳಿದ್ದು ಸರಿ. ಮೊದಲ 800 ಹೊರಬಂದದ್ದು 1983ರ ಡಿಸೆಂಬರ್‌ನಲ್ಲಿ. ನಮ್ಮ ಬೀದಿಗಳಲ್ಲಿ ನಾವೆಲ್ಲ ನೋಡುತ್ತ ಬೆಳೆದ ಆ ಆಕಾರ ಬಂದದ್ದು 1986ರಲ್ಲಿ. ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಅಷ್ಟು ವರ್ಷ ಓಡಿದ ಗಾಡಿ ಆದ್ದರಿಂದ ಬಿಡಿಭಾಗ ಇವತ್ತಿಗೂ ಸಿಗುತ್ತವೆ. ಆದರೆ ಕಾರ್ಬ್ಯುರೇಟರ್ ಇರುವ, ಫ್ಯಾಕ್ಟರಿ ಬಣ್ಣ ಉಳಿಸಿಕೊಂಡ, ಮೈಗೆ ಸುತ್ತಿಗೆ ತಾಗದ ಗಾಡಿ ಈಗ ಅಪರೂಪ. ಲಾಕ್ ಕೆಟ್ಟರೆ ಇನ್ನೊಂದು ಲಾಕ್ ತರಬಹುದು. ಬಾಗಿಲಿನ ಅಂಚು ಸೊಟ್ಟಗಾದರೆ ಅದು ಮೊದಲಿನ ಹಾಗೆ ಆಗುವುದೇ ಇಲ್ಲ. ಆ ಅಂಚಿನಲ್ಲಿ ಎರಡು ತಗಡು ಒಂದರ ಮೇಲೊಂದು ಮಡಚಿ ಕೂತಿರುತ್ತವೆ. ಮೀಟಿದಾಗ ಮಡಿಕೆ ಬಿಚ್ಚಿಕೊಳ್ಳುತ್ತದೆ, ಬಣ್ಣ ಚಕ್ಕೆ ಏಳುತ್ತದೆ, ಮುಂದಿನ ಮಳೆಗಾಲಕ್ಕೆ ಅಲ್ಲಿಂದಲೇ ತುಕ್ಕು ಶುರು. ಧಾರವಾಡದ ಜಿಟಿಜಿಟಿ ಮಳೆ ದಿನಗಟ್ಟಲೆ ಬಿಡುವುದಿಲ್ಲ, ಅಂಥ ಸಂದಿ ಒಣಗುವುದೂ ಇಲ್ಲ.

ಇನ್ನೊಂದು ಕಾರಣವೂ ಇತ್ತು. 15 ವರ್ಷ ದಾಟಿದ ಖಾಸಗಿ ಕಾರಿಗೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ಆರ್‌ಸಿ ಮುಂದುವರಿಸಬೇಕು. ಈ ಗಾಡಿಯ ಸರದಿ ಹತ್ತಿರ ಬಂದಿತ್ತು. ಬಾಗಿಲೇ ತೆರೆಯದ ಗಾಡಿಯನ್ನು ಆರ್‌ಟಿಒ ಮುಂದೆ ನಿಲ್ಲಿಸಲು ಆಗುತ್ತದೆಯೇ?

ಪಾನಾ ಹಿಡಿಯುವ ಮೊದಲು ಕೀಲಿಕೈ ಏನು ಹೇಳುತ್ತದೆ ಎಂದು ನೋಡಬೇಕು. ಡಿಕ್ಕಿ ತೆರೆಯದೆ ಇರುವುದಕ್ಕೆ ಮುಖ್ಯವಾಗಿ ಮೂರು ಕಾರಣ, ಮೂರೂ ಬೆರಳಿಗೆ ಬೇರೆ ಬೇರೆ ಥರ ಗೊತ್ತಾಗುತ್ತವೆ. ಕೀಲಿಕೈ ತಿರುಗುವುದೇ ಇಲ್ಲ ಎಂದರೆ ಕೀಲಿಯ ಸಿಲಿಂಡರ್ ಒಳಗಿನ ಪುಟ್ಟ ತಗಡುಗಳು ಧೂಳಿಗೆ ಹಿಡಿದುಕೊಂಡಿವೆ, ಅಥವಾ ಕೀಲಿಕೈ ಸವೆದಿದೆ. ಏನೂ ತಡೆ ಇಲ್ಲದೆ ಗರಗರ ತಿರುಗಿದರೆ ಸಿಲಿಂಡರಿನಿಂದ ಲಾಕ್‌ಗೆ ಹೋಗುವ ರಾಡ್ ಕಳಚಿದೆ. ತಿರುಗುವಾಗ ಸ್ಪ್ರಿಂಗ್ ಬಿಗಿ ಸಿಕ್ಕು, ಆದರೂ ಬಾಗಿಲು ಏಳದಿದ್ದರೆ ತೊಂದರೆ ಲಾಕ್‌ನಲ್ಲೇ ಇದೆ, ಇಲ್ಲವೇ ಲಾಕ್ ಮೇಲೆ ಬಿದ್ದ ಭಾರದಲ್ಲಿ ಇದೆ. ಈ ಗಾಡಿಯಲ್ಲಿ ಎರಡನೆಯದೂ ಮೂರನೆಯದೂ ಅರ್ಧರ್ಧ ಇದ್ದ ಹಾಗೆ ಕಂಡಿತು. ಮೊದಲು ಸ್ವಲ್ಪ ಖಾಲಿ ತಿರುಗುತ್ತದೆ, ಕೊನೆಗೆ ಬಿಗಿ ಸಿಗುತ್ತದೆ, ಅಷ್ಟರಲ್ಲಿ ಕೀಲಿಕೈ ತಿರುಗುವ ಜಾಗವೇ ಮುಗಿದುಹೋಗುತ್ತದೆ.

ಭಾರ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಂಥ ಲಾಕ್ ಒಳಗೆ ಎರಡೇ ಮುಖ್ಯ ತುಂಡು. ಒಂದು ತಿರುಗುವ ಕೊಕ್ಕೆ. ಬಾಗಿಲು ಹಾಕಿದಾಗ ಇದು ಕಾರಿನ ಮೈಗೆ ಕೂರಿಸಿದ ಸ್ಟ್ರೈಕರ್ ಕಂಬಿಯನ್ನು ತಬ್ಬಿಕೊಳ್ಳುತ್ತದೆ. ಇನ್ನೊಂದು ತಡೆ. ಕೊಕ್ಕೆ ಹಿಂದಕ್ಕೆ ತಿರುಗದಂತೆ ಅದರ ಮೆಟ್ಟಿಲಿಗೆ ಇದು ಅಡ್ಡ ಬಂದು ಕೂರುತ್ತದೆ. ಕೀಲಿಕೈ ತಿರುಗಿಸಿದಾಗ ರಾಡ್ ಈ ತಡೆಯನ್ನು ಸರಿಸುತ್ತದೆ, ಕೊಕ್ಕೆ ಬಿಟ್ಟುಕೊಳ್ಳುತ್ತದೆ. ಈಗ ಬಾಗಿಲಿನ ಸುತ್ತ ಇರುವ ಬೀಡಿಂಗ್, ಅಂದರೆ ರಬ್ಬರ್ ಪಟ್ಟಿ, ದಪ್ಪಗಿದ್ದರೆ ಅದು ಬಾಗಿಲನ್ನು ಯಾವಾಗಲೂ ಹೊರಕ್ಕೆ ನೂಕುತ್ತಿರುತ್ತದೆ. ಆ ಒತ್ತಡವೆಲ್ಲ ಕೊಕ್ಕೆಯ ಮೂಲಕ ತಡೆಯ ಮೇಲೆ ಬರುತ್ತದೆ. ಲೋಹಕ್ಕೆ ಲೋಹ ಒತ್ತಿ ಕೂತ ಮೇಲೆ ತಡೆಯನ್ನು ಜಾರಿಸಲು ಹೆಚ್ಚು ಜೋರು ಬೇಕಾಗುತ್ತದೆ. ಕೇಳಿದೆ. ಹೌದು, ಬೇಸಿಗೆಯಲ್ಲಿ ಕಾಕಾ ಹೊಸ ಬೀಡಿಂಗ್ ಹಾಕಿಸಿದ್ದರು. ಅದು ಹಳೆಯದಕ್ಕಿಂತ ದಪ್ಪ. ಆಗಿನಿಂದ ಡಿಕ್ಕಿ ಮುಚ್ಚಲು ಜೋರಾಗಿ ಬಡಿಯಬೇಕಾಗುತ್ತಿತ್ತಂತೆ.

ಆದ್ದರಿಂದ ಮೊದಲ ಉಪಾಯಕ್ಕೆ ಯಾವ ಸಾಮಾನೂ ಬೇಡ. ಒಬ್ಬರು ಎರಡೂ ಅಂಗೈಯಿಂದ ಲಾಕ್ ಇರುವ ಕಡೆ ಬಾಗಿಲನ್ನು ಕೆಳಕ್ಕೆ, ಒಳಕ್ಕೆ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಕೀಲಿಕೈ ತಿರುಗಿಸಬೇಕು. ಒತ್ತಿದಾಗ ಕೊಕ್ಕೆ ತಡೆಯಿಂದ ಕೂದಲೆಳೆಯಷ್ಟು ದೂರ ಸರಿಯುತ್ತದೆ, ತಡೆ ಸಲೀಸಾಗಿ ಜಾರುತ್ತದೆ. ಬಿಗಿಯಾದ ಎಷ್ಟೋ ಡಿಕ್ಕಿಗಳು ಇಷ್ಟಕ್ಕೇ ತೆರೆದುಕೊಳ್ಳುತ್ತವೆ. ನಾನು ಒತ್ತಿದೆ, ಕಾಕಾ ತಿರುಗಿಸಿದರು. ಕೀಲಿಕೈ ಹಗುರಾಯಿತು, ಬಾಗಿಲು ಏಳಲಿಲ್ಲ. ಅಂದರೆ ಭಾರ ಒಂದು ಕಾರಣ, ಆದರೆ ಅದೊಂದೇ ಅಲ್ಲ. ಕೀಲಿಕೈಯನ್ನು ಇನ್ನೂ ಜೋರಾಗಿ ತಿರುಚುವುದು ಬೇಡ ಎಂದೆ. ಹಳೇ ಕೀಲಿಕೈ ಸಿಲಿಂಡರ್ ಒಳಗೆ ಮುರಿದರೆ ಇನ್ನೊಂದು ಕೆಲಸ ಹುಟ್ಟಿಕೊಳ್ಳುತ್ತದೆ.

ಇನ್ನು ಒಳಗಿನಿಂದಲೇ ಹೋಗಬೇಕು. ಡಿಕ್ಕಿ ಕ್ಯಾಬಿನ್‌ಗೆ ತೆರೆದುಕೊಂಡಿರುವ ಗಾಡಿಗಳಲ್ಲಿ ಇದೇ ದೊಡ್ಡ ಅನುಕೂಲ. ಅಂಬಾಸಿಡರ್, ಪದ್ಮಿನಿಯಂಥ ಗಾಡಿಗಳ ಡಿಕ್ಕಿ ಹೀಗೆ ಸಿಕ್ಕಿಕೊಂಡರೆ ಕಷ್ಟ ಜಾಸ್ತಿ. ಹಿಂದಿನ ಸೀಟಿನ ಬೆನ್ನನ್ನು ಮುಂದಕ್ಕೆ ಮಡಚಿದೆ. ಗಾಜಿನ ಕೆಳಗಿನ ಪಾರ್ಸೆಲ್ ಹಲಗೆ ತೆಗೆದೆ. ಪಕ್ಕಕ್ಕೆ ಹೊರಳಿ, ತಲೆ ಬಾಗಿಲಿನ ಕಡೆ ಹಾಕಿ ಮಲಗಿದರೆ ಲಾಕ್ ಕಣ್ಣೆದುರಿಗೇ ಬರುತ್ತದೆ. ಬಾಗಿಲಿನ ಒಳಮೈಗೆ ಒಂದು ತೆಳು ಹೊದಿಕೆ ಇತ್ತು, ಪ್ಲಾಸ್ಟಿಕ್ ಕ್ಲಿಪ್‌ನಲ್ಲಿ ಕೂತದ್ದು. ಹಳೇ ಪ್ಲಾಸ್ಟಿಕ್ ತಣ್ಣಗಿದ್ದಾಗ ಪಟ್ಟನೆ ಮುರಿಯುತ್ತದೆ. ಹಾಗಾಗಿ ಗಾಡಿಯನ್ನು ಸ್ವಲ್ಪ ಹೊತ್ತು ಬಿಸಿಲಿಗೆ ನಿಲ್ಲಿಸಿ, ಚಪ್ಪಟೆ ಪಟ್ಟಿಗೆ ಬಟ್ಟೆ ಸುತ್ತಿ, ಕ್ಲಿಪ್‌ನ ಬುಡಕ್ಕೇ ಕೊಟ್ಟು ಒಂದೊಂದಾಗಿ ಎಬ್ಬಿಸಿದೆ. ಎಲ್ಲವೂ ಇಡಿಯಾಗಿ ಬಂದವು.

ಹೊದಿಕೆ ಹಿಂದೆ ತಗಡಿನಲ್ಲಿ ದೊಡ್ಡ ತೂತುಗಳಿವೆ. ಕೈ ಹೋಗುತ್ತದೆ, ಕೈ ಹೋದ ಮೇಲೆ ಕಣ್ಣಿಗೆ ಕಾಣುವುದಿಲ್ಲ. ಮೊಬೈಲ್ ಕ್ಯಾಮೆರಾವನ್ನು ಲೈಟ್ ಹಚ್ಚಿ ವಿಡಿಯೊಗೆ ಇಟ್ಟು ಒಳಗೆ ಹಿಡಿದೆ. ಹೊರಗೆ ಕಾಕಾಗೆ ಕೀಲಿಕೈಯನ್ನು ನಿಧಾನ ತಿರುಗಿಸಿ, ಬಿಡಿ, ಮತ್ತೆ ತಿರುಗಿಸಿ ಎಂದು ಹೇಳಿದೆ. ಆ ವಿಡಿಯೊ ನೋಡಿದ ಮೇಲೆ ಸಂಶಯ ಉಳಿಯಲಿಲ್ಲ. ಸಿಲಿಂಡರಿನ ತುದಿಯ ತೋಳು ತಿರುಗುತ್ತದೆ. ರಾಡ್‌ನ ತುದಿಯನ್ನು ಆ ತೋಳಿಗೆ ಹಿಡಿದಿಟ್ಟ ಪ್ಲಾಸ್ಟಿಕ್ ಕ್ಲಿಪ್ ಸೀಳಿದೆ. ರಾಡ್ ಕಳಚಿಲ್ಲ, ತೂತಿನಲ್ಲಿ ಸಡಿಲವಾಗಿ ಆಡುತ್ತಿದೆ. ಸುಮಾರು 4 ಮಿಲಿಮೀಟರ್ ಆಟ. ಕೀಲಿಕೈ ತಿರುಗುವುದರಲ್ಲಿ ಅಷ್ಟು ಭಾಗ ಸುಮ್ನೆ ಹೋಗುತ್ತದೆ, ಉಳಿದದ್ದು ತಡೆಯನ್ನು ಅರ್ಧಕ್ಕೆ ಸರಿಸಿ ನಿಲ್ಲುತ್ತದೆ. ಸಾಲದ್ದಕ್ಕೆ ಲಾಕ್ ಒಳಗೆ ಗ್ರೀಸು ಗಟ್ಟಿಯಾಗಿತ್ತು. ಬೀಡಿಂಗ್ ಭಾರ, ಗಟ್ಟಿ ಗ್ರೀಸು, ಸೀಳಿದ ಕ್ಲಿಪ್. ಒಂದೊಂದೇ ಬಂದಿದ್ದರೆ ಬಾಗಿಲು ತೆರೆಯುತ್ತಿತ್ತು. ಮೂರೂ ಕೂಡಿದ್ದರಿಂದ ನಿಂತಿತು. ಒಂದನ್ನು ಮಾತ್ರ ಸರಿಮಾಡಿ ಬಿಟ್ಟರೆ ಇದೇ ತೊಂದರೆ ತಿರುಗಿ ಬರುವುದೂ ಇದಕ್ಕೇ.

ತೆರೆಯುವುದು ಈಗ ಸುಲಭ. ರಾಡ್‌ನ ಇನ್ನೊಂದು ತುದಿ ಲಾಕ್‌ನ ಒಂದು ಸಣ್ಣ ತೋಳಿಗೆ ಸೇರುತ್ತದೆ. ಕೀಲಿಕೈ ಅದನ್ನು ಯಾವ ಕಡೆ ಎಳೆಯುತ್ತದೆ ಎಂದು ವಿಡಿಯೊದಲ್ಲಿ ಕಂಡಿತ್ತು. ಅದೇ ಕಡೆಗೆ ಉದ್ದ ಸ್ಕ್ರೂಡ್ರೈವರ್ ತುದಿಯಿಂದ ತಳ್ಳಬೇಕು, ಎದುರು ಕಡೆಗೆ ತಳ್ಳಿದರೆ ತೋಳು ಬಾಗುತ್ತದೆ. ಮೊದಲು ಸಂದಿಗೆ ಸ್ವಲ್ಪ ಡಬ್ಲ್ಯೂಡಿ-40 ಸ್ಪ್ರೇ ಎಣ್ಣೆ ಹೊಡೆದು ಚಹಾ ಕುಡಿದು ಬರುವಷ್ಟು ಹೊತ್ತು ಬಿಟ್ಟೆ. ಆಮೇಲೆ ಕಾಕಾ ಹೊರಗಿನಿಂದ ಒತ್ತಿದರು, ನಾನು ಒಳಗಿನಿಂದ ತೋಳು ತಳ್ಳಿದೆ. ಟಕ್ ಅಂತ ಬಿಟ್ಟುಕೊಂಡಿತು. ಬಾಗಿಲು ತಾನೇ ಒಂದು ಬೆರಳಗಲ ಮೇಲೆ ಎದ್ದು ನಿಂತಿತು. ಬೀಡಿಂಗ್ ಎಷ್ಟು ಜೋರಾಗಿ ನೂಕುತ್ತಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಇಲ್ಲೇ ಒಂದು ಮಾತು. ಡಿಕ್ಕಿ ತೆರೆದ ಮೇಲೆ ಮತ್ತೆ ಸಿಕ್ಕಿಕೊಂಡೀತು ಎಂದು ಹಗ್ಗ ಕಟ್ಟಿ ಅರೆತೆರೆದೇ ಓಡಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗಾಡಿ ಓಡುವಾಗ ಹಿಂದೆ ಗಾಳಿಯ ಸುಳಿ ಏಳುತ್ತದೆ, ಸೈಲೆನ್ಸರ್ ಹೊಗೆ ಆ ಸಂದಿಯಿಂದ ಒಳಗೆ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹಿಂದಿನ ಸೀಟಿನಲ್ಲಿ ಮಕ್ಕಳು ಮಲಗಿದ್ದರೆ ಗೊತ್ತೇ ಆಗುವುದಿಲ್ಲ. ಲಾಕ್ ಪೂರ್ತಿ ಸರಿಯಾಗುವ ತನಕ ಗಾಡಿ ಮನೆ ಮುಂದೆಯೇ ನಿಂತಿತು.

ಲಾಕ್ ಬಿಚ್ಚುವ ಮೊದಲು ಅದರ ಸುತ್ತ, ಸ್ಟ್ರೈಕರ್ ಸುತ್ತ ಮಾರ್ಕರ್‌ನಿಂದ ಗೆರೆ ಎಳೆದೆ. ಬೋಲ್ಟ್ ತೂತುಗಳು ಉದ್ದನೆಯವು, ಸರಿಹೊಂದಿಸಲು ಬಿಟ್ಟವು. ಗುರುತಿಲ್ಲದೆ ಬಿಚ್ಚಿದರೆ ಬಾಗಿಲು ಮತ್ತೆ ಸರಿಯಾಗಿ ಕೂರಿಸಲು ಅರ್ಧ ದಿನ ಹೋಗುತ್ತದೆ. 10ರ ಪಾನಾದಲ್ಲಿ ಬೋಲ್ಟ್ ಬಂದವು. ಲಾಕ್ ಕೈಗೆ ಬಂತು.

ಸಂಯುಕ್ತ ಕರ್ನಾಟಕದ ಹಳೇ ಹಾಳೆ ಹಾಸಿ, ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟು ನೋಡಿದೆ. ಎರಡು ತಗಡಿನ ನಡುವೆ ರಿವೆಟ್ ಹೊಡೆದ ಡಬ್ಬಿ ಇದು, ಬಿಚ್ಚಲು ಬರುವುದಿಲ್ಲ, ಬಿಚ್ಚಲೂ ಬಾರದು. ಬಾಯಿಯಲ್ಲಿ ಕೊಕ್ಕೆ ಕಾಣುತ್ತದೆ. ಅದರ ಬುಡದ ಸುತ್ತ ಹಳೇ ಗ್ರೀಸು ತಳ ಹಿಡಿದ ಬೆಲ್ಲದ ಪಾಕದ ಹಾಗೆ ಕಂದುಕಪ್ಪಾಗಿ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದರೆ ಚೂರು ಏಳುತ್ತದೆ, ಬೆರಳ ನಡುವೆ ಉಜ್ಜಿದರೆ ಮರಳಿನ ಹರಳು ಸಿಗುತ್ತದೆ. ಹುಬ್ಬಳ್ಳಿ ಕಡೆಯ ಎರೆಮಣ್ಣಿನ ಧೂಳು, ಧಾರವಾಡದ ಕೆಮ್ಮಣ್ಣು, ಎರಡೂ ಅದರಲ್ಲಿದ್ದವು. ಯಾರೋ ಹಿಂದೊಮ್ಮೆ ಚಕ್ರದ ಬೇರಿಂಗ್‌ಗೆ ಹಾಕುವ ದಪ್ಪ ಗ್ರೀಸನ್ನು ಇಲ್ಲಿ ತುಂಬಿದ್ದಾರೆ. ಬೇರಿಂಗ್‌ನಲ್ಲಿ ಅದು ಮುಚ್ಚಿದ ಜಾಗದಲ್ಲಿರುತ್ತದೆ. ಇಲ್ಲಿ ಬಾಯಿ ತೆರೆದ ಜಾಗ, ಬಂದ ಧೂಳನ್ನೆಲ್ಲ ಹಿಡಿದಿಟ್ಟುಕೊಂಡು ಕಲ್ಲಾಗುತ್ತದೆ.

ಹಳೇ ಸ್ಟೀಲ್ ಬಟ್ಟಲಿನಲ್ಲಿ ಡೀಸೆಲ್ ಹಾಕಿ ಲಾಕನ್ನು ಅದರಲ್ಲಿ ಮುಳುಗಿಸಿದೆ. ಪೆಟ್ರೋಲ್ ಬೇಡ. ಬೇಗ ಹಾರಿಹೋಗುತ್ತದೆ, ಬೆಂಕಿಯ ಅಪಾಯವೂ ಇದೆ. ರಾತ್ರಿ ನೆನೆದ ಮೇಲೆ ಹಲ್ಲುಜ್ಜುವ ಬ್ರಶ್‌ನಿಂದ ಉಜ್ಜಿ, ಕೊಕ್ಕೆಯನ್ನು ಸ್ಕ್ರೂಡ್ರೈವರ್‌ನಿಂದ ಹಾಕಿ ತೆಗೆದು ಮಾಡುತ್ತ ಹೋದೆ. ಪ್ರತಿ ಸಲವೂ ಒಳಗಿನಿಂದ ಕಪ್ಪು ನೀರು ಬರುತ್ತಿತ್ತು. ಡೀಸೆಲ್ ಬದಲಿಸಿ, ಬರುವುದು ತಿಳಿಯಾಗುವ ತನಕ ತೊಳೆದೆ. ಸೈಕಲ್ ಪಂಪಿನಿಂದ ಗಾಳಿ ಹೊಡೆದು, ಒರೆಸಿ, ಒಣಗಲು ಬಿಟ್ಟೆ. ಈಗ ತಡೆಯನ್ನು ಸರಿಸಿದರೆ ಕೊಕ್ಕೆ ತನ್ನ ಸ್ಪ್ರಿಂಗ್ ಬಲದಿಂದಲೇ ಪಟ್ಟನೆ ತೆರೆಯುತ್ತಿತ್ತು. ಮೊದಲು ಅದನ್ನು ಬೆರಳಿನಿಂದ ದೂಡಬೇಕಿತ್ತು.

ಲಾಕ್ ಚೊಕ್ಕವಾದ ಮೇಲೆ ನೋಡಲೇಬೇಕಾದದ್ದು ಆ ಮೆಟ್ಟಿಲು, ಕೊಕ್ಕೆಯಲ್ಲಿ ತಡೆ ಕೂರುವ ಜಾಗ. ಕೊಕ್ಕೆಗೆ ಎರಡು ಹಂತ ಇರುತ್ತವೆ. ಬಾಗಿಲು ಅರ್ಧ ಹಾಕಿದಾಗ ಮೊದಲ ಹಂತ, ಪೂರ್ತಿ ಹಾಕಿದಾಗ ಎರಡನೆಯದು. ಈ ಮೆಟ್ಟಿಲಿನ ಅಂಚು ಚೂಪಾಗಿ, ಚೌಕವಾಗಿ ಇರಬೇಕು. ಸವೆದು ದುಂಡಗಾಗಿದ್ದರೆ ಹೊಸ ಲಾಕ್ ತರುವುದೇ ಸರಿ, ಅರ ಹಾಕಿ ಉಜ್ಜಿ ಸರಿಮಾಡುವ ಕೆಲಸ ಅಲ್ಲ. ದುಂಡಗಾದ ಅಂಚು ತಗ್ಗುದಿಣ್ಣೆಯಲ್ಲಿ ಜಾರಿ ಬಾಗಿಲು ತೆರೆದುಕೊಳ್ಳಬಹುದು. ಇದರ ಅಂಚಿನಲ್ಲಿ ಹೊಳೆಯುವ ಒಂದು ಗೆರೆ ಇತ್ತು, ಉಗುರು ಅಡ್ಡ ಎಳೆದರೆ ಅಂಚು ಕಚ್ಚುತ್ತಿತ್ತು. ಇದೇ ಲಾಕ್ ಸಾಕು ಅಂತ ತೀರ್ಮಾನ ಮಾಡಿದೆ.

ಒಣಗಿದ ಮೇಲೆ ಬಿಳಿ ಲಿಥಿಯಂ ಗ್ರೀಸ್, ಅದೂ ತೆಳ್ಳಗೆ. ಕೊಕ್ಕೆಯ ಬುಡಕ್ಕೆ, ತಡೆಯ ಬುಡಕ್ಕೆ, ಮೆಟ್ಟಿಲಿಗೆ ಮಾತ್ರ. ಬರೀ ಡಬ್ಲ್ಯೂಡಿ-40 ಹೊಡೆದು ಮುಗಿಸುವವರು ಬಹಳ. ಅದು ನೀರು ಓಡಿಸಲು, ಜಿಡ್ಡು ಸಡಿಲಿಸಲು ಒಳ್ಳೆಯದು, ಆದರೆ ತೆಳು ಎಣ್ಣೆ ಬಹಳ ದಿನ ನಿಲ್ಲುವುದಿಲ್ಲ.

ಕ್ಲಿಪ್ ತರಲು ಹುಬ್ಬಳ್ಳಿಗೆ ಹೋದೆ. ಅಂಗಡಿಯಲ್ಲಿ ಡಿಕ್ಕಿ ಲಾಕ್ ಕ್ಲಿಪ್ ಎಂದರೆ ಇಡೀ ಲಾಕ್ ಸೆಟ್ ತೋರಿಸುತ್ತಾರೆ. ಡೋರ್ ಲಾಕ್ ರಾಡ್ ಕ್ಲಿಪ್ ಎಂದು ಕೇಳಿ, ಹಳೇ ಚೂರನ್ನು ಕೈಯಲ್ಲಿ ಹಿಡಿದೇ ಹೋಗಿ. ರಾಡ್ ಎಷ್ಟು ದಪ್ಪ ಎಂದು ಅಳೆದುಕೊಂಡಿರಿ. ಇವುಗಳಲ್ಲಿ ಎಡ, ಬಲ ಎಂದು ಎರಡು ಥರ ಇರುತ್ತವೆ, ಬೇರೆಯದು ತಂದರೆ ರಾಡ್ ಕೂತರೂ ಕ್ಲಿಪ್‌ನ ಬಾಯಿ ಮುಚ್ಚುವುದಿಲ್ಲ. ಕ್ಲಿಪ್ ಹಾಕುವ ಕ್ರಮ ಸರಳ: ಮೊದಲು ತೋಳಿನ ತೂತಿಗೆ ಕ್ಲಿಪ್, ಅದರೊಳಗೆ ರಾಡ್‌ನ ಬಾಗಿದ ತುದಿ, ಆಮೇಲೆ ಕ್ಲಿಪ್‌ನ ಬಾಯಿಯನ್ನು ರಾಡ್‌ನ ಮೇಲೆ ತಿರುಗಿಸಿ ಒತ್ತಬೇಕು. ಕಟ್ ಅಂತ ಕೂರುತ್ತದೆ. 4 ಮಿಲಿಮೀಟರ್ ಆಟ ಹೋಯಿತು. ತಂತಿ ಸುತ್ತಿ ಕಟ್ಟುವ ಪದ್ಧತಿಯೂ ಇದೆ, ನನಗೆ ಅದು ಸರಿ ಕಾಣುವುದಿಲ್ಲ. ತಂತಿ ತೂತನ್ನು ತಿನ್ನುತ್ತದೆ, ಆಮೇಲೆ ಹೊಸ ಕ್ಲಿಪ್ಪೂ ನಿಲ್ಲುವುದಿಲ್ಲ.

ಕೀಲಿಯ ಸಿಲಿಂಡರ್‌ಗೆ ಎಣ್ಣೆ ಹಾಕಲಿಲ್ಲ, ಎಣ್ಣೆಗೆ ಧೂಳು ಅಂಟುತ್ತದೆ. ಸ್ಪ್ರೇಯಿಂದ ತೊಳೆದು ಚೆನ್ನಾಗಿ ಒಣಗಿಸಿ, 6ಬಿ ಪೆನ್ಸಿಲ್ ಅನ್ನು ಕೀಲಿಕೈಯ ಎರಡೂ ಮುಖಕ್ಕೆ ತಿಕ್ಕಿ ಒಳಗೆ ಹಾಕಿ ತೆಗೆದೆ. ಪೆನ್ಸಿಲ್ ಕಡ್ಡಿಯ ಗ್ರಾಫೈಟ್ ಒಣ ಪುಡಿಯಾಗಿಯೇ ಜಾರಿಸುತ್ತದೆ. ಎಣ್ಣೆ ಇರುವ ಕಡೆ ಹಾಕಿದರೆ ಮಾತ್ರ ಕೆಸರಾಗುತ್ತದೆ.

ಲಾಕ್ ತಿರುಗಿ ಕೂರಿಸಿದ ಕೂಡಲೇ ಬಾಗಿಲು ಹಾಕಬಾರದು. ಬಾಗಿಲು ಮೇಲಿರುವಾಗಲೇ ಸ್ಕ್ರೂಡ್ರೈವರ್‌ನ ದಂಡವನ್ನು ಕೊಕ್ಕೆಗೆ ಒತ್ತಿ, ಸ್ಟ್ರೈಕರ್ ಬಂದ ಹಾಗೆ ಎರಡೂ ಹಂತ ಹಾಕಿಸಬೇಕು. ಆಮೇಲೆ ಕೀಲಿಕೈಯಿಂದ ತೆಗೆದು ನೋಡಬೇಕು. ಹತ್ತಾರು ಸಲ ಸಲೀಸಾಗಿ ಬಿಟ್ಟುಕೊಂಡ ಮೇಲೆಯೇ ನಿಜವಾದ ಮುಚ್ಚುವಿಕೆ. ಕೊನೆಯಲ್ಲಿ ಕೊಕ್ಕೆ ತೆರೆದೇ ಇದೆ ಎಂದು ಖಾತ್ರಿ ಮಾಡಿಕೊಳ್ಳಿ. ಮುಚ್ಚಿದ ಕೊಕ್ಕೆಯ ಮೇಲೆ ಬಾಗಿಲು ಬಡಿದರೆ ಲಾಕ್ ಮತ್ತು ಸ್ಟ್ರೈಕರ್ ಎರಡಕ್ಕೂ ಪೆಟ್ಟು.

ಬೀಡಿಂಗ್ ಉಳಿದಿತ್ತು. ಕಾಗದದ ಪಟ್ಟಿಯನ್ನು ಬಾಗಿಲಿನ ಸಂದಿಯಲ್ಲಿಟ್ಟು ಮುಚ್ಚಿ ಎಳೆದೆ, ಸುತ್ತಲೂ ಸ್ವಲ್ಪ ಸ್ವಲ್ಪ ದೂರಕ್ಕೆ. ಮೇಲುಗಡೆ ಸರಿಯಾಗಿತ್ತು. ಕೆಳಗೆ ಲಾಕ್‌ನ ಎರಡೂ ಪಕ್ಕ ಕಾಗದ ಹರಿಯುವಷ್ಟು ಬಿಗಿ. ಅಲ್ಲಿ ನೋಡಿದರೆ ಬೀಡಿಂಗ್‌ನ ಎರಡು ತುದಿ ಸೇರುವ ಜಾಗ, ಒಂದಷ್ಟು ಉದ್ದ ಜಾಸ್ತಿಯಾಗಿ ಉಬ್ಬಿಕೊಂಡಿತ್ತು. ಬೀಡಿಂಗ್ ತೆಗೆದು, ಜಾಸ್ತಿ ಇದ್ದದ್ದನ್ನು ಚೂಪು ಬ್ಲೇಡಿನಿಂದ ನೇರ ಕತ್ತರಿಸಿ, ತುದಿಗೆ ತುದಿ ಕೂಡಿಸಿ ಅಂಟಿಸಿದೆ. ಆಮೇಲೆ ಸ್ಟ್ರೈಕರ್ ಬೋಲ್ಟ್ ಸಡಿಲ ಮಾಡಿ ಒಂದು ಮಿಲಿಮೀಟರ್‌ನಷ್ಟು ಮೇಲಕ್ಕೆ ಸರಿಸಿದೆ. ಕೊಕ್ಕೆ ಸ್ಟ್ರೈಕರ್‌ನ ನಡುವಿಗೇ ಬಡಿಯುತ್ತದೆಯೇ ಎಂದು ನೋಡಲು ಕಂಬಿಗೆ ಖಡು (ಸೀಮೆಸುಣ್ಣ) ಬಳಿದು ಮೆಲ್ಲಗೆ ಮುಚ್ಚಿ ತೆರೆದೆ. ಖಡು ಒಂದು ಪಕ್ಕಕ್ಕೆ ಅಳಿಸಿದ್ದರೆ ಆ ಕಡೆ ತಾಗುತ್ತಿದೆ ಎಂದರ್ಥ. ನಡುವೆಯೇ ಅಳಿಸಿತ್ತು.

ಬಾಗಿಲು ತೆರೆದದ್ದೇ ಇದೆ ಎಂದು ಕೆಳಗಿನ ಅಂಚಿನ ನೀರು ಹೋಗುವ ತೂತುಗಳನ್ನೂ ನೋಡಿದೆ. ಎರಡರಲ್ಲಿ ಮಣ್ಣು ತುಂಬಿತ್ತು. ತೆಂಗಿನ ಕಡ್ಡಿಯಿಂದ ಬಿಡಿಸಿದರೆ ಒಳಗಿಂದ ನೀರೇ ಇಳಿಯಿತು. ಒಳಬದಿಯಲ್ಲಿ ತುಕ್ಕು ಆಗಲೇ ಹುಟ್ಟಿತ್ತು, ಮೇಲ್ಮೈ ತುಕ್ಕು ಅಷ್ಟೇ. ಸಣ್ಣ ಉಜ್ಜುಕಾಗದ, ರೆಡ್ ಆಕ್ಸೈಡ್, ಮೇಲೆ ಮೇಣ. ಹೊರಗಿನ ಬಣ್ಣಕ್ಕೆ ಏನೂ ಮುಟ್ಟಿಸಲಿಲ್ಲ.

ಕೊನೆಯದಾಗಿ ಸೈಕಲ್ ಬ್ರೇಕಿನ ಒಳ ಕೇಬಲ್ ಒಂದನ್ನು ಲಾಕ್‌ನ ತೋಳಿಗೆ ಕಟ್ಟಿ, ತಗಡಿನ ಅಂಚು ತಾಗುವ ಕಡೆ ರಬ್ಬರ್ ಕೊಳವೆ ಹಾಕಿ, ಹೊದಿಕೆಯ ಹಿಂದಿನಿಂದ ಒಳಕ್ಕೆ ತಂದೆ. ಕೀಲಿ ಕೈಕೊಟ್ಟರೆ ಹಿಂದಿನ ಸೀಟು ಮಡಚಿ ಇದನ್ನು ಎಳೆದರೆ ಸಾಕು. ಕೇಬಲ್ ಸ್ವಲ್ಪ ಸಡಿಲವೇ ಇರಬೇಕು, ಬಿಗಿಯಾಗಿ ಎಳೆದುಕೊಂಡಿದ್ದರೆ ಅದೇ ತಡೆಯನ್ನು ಅರ್ಧ ಎತ್ತಿ ಹಿಡಿದು ಬಾಗಿಲು ತೆರೆಸಿಬಿಡಬಹುದು. ಕಾಕಾ ಕೇಳಿದರು, "ಇದು ಹೊರಗ ಕಾಣಸ್ತದೇನು?" ಕಾಣುವುದಿಲ್ಲ. ಹೊದಿಕೆ ಕೂತ ಮೇಲೆ ಒಂದು ಸಣ್ಣ ಕುಣಿಕೆ ಒಳಗಡೆ ಸಿಗುತ್ತದೆ, ಅಷ್ಟೇ.

ಈಗ ಡಿಕ್ಕಿ ಎರಡು ಬೆರಳಿನ ಒತ್ತಿಗೆ ಮುಚ್ಚುವುದಿಲ್ಲ, ಅಂಗೈ ಇಟ್ಟು ಒತ್ತಿದರೆ ಮುಚ್ಚುತ್ತದೆ. ಹೊಸ ಬೀಡಿಂಗ್ ಇರುವ ಬಾಗಿಲು ಹಾಗೇ ಇರಬೇಕು. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೆ ರಬ್ಬರ್ ಕೂರುತ್ತದೆ, ಆಗ ಬಾಗಿಲು ಕಟಕಟ ಅನ್ನಲು ಶುರುವಾದರೆ ಸ್ಟ್ರೈಕರ್ ಅನ್ನು ಅರ್ಧ ಮಿಲಿಮೀಟರ್ ಕೆಳಗೆ ಇಳಿಸಬೇಕು. ಮಾರ್ಕರ್ ಗೆರೆಯನ್ನು ಅದಕ್ಕೇ ಒರೆಸದೆ ಬಿಟ್ಟಿದ್ದೇನೆ.